ಮೀಟರ್ ಓದಲು ಬಂದವನು

ಎದುರುಮನೆಯ ಸಿಲಿಂಡರು ಕಳುವಾದ ವಾರ
ನಮ್ಮವರು ಪೀಣ್ಯದಿಂದ ಬರುವಾಗ
ಜರ್ಕಿನ್ನಿನೊಳಗಿಟ್ಟು ತಂದರು ಇವನನ್ನು.
ಅಂಗೈಯಗಲ ಮುಖ, ಕಪ್ಪು ಮೂತಿ.
ಹೆಸರು ಮಾತ್ರ ದೊಡ್ಡದು: ಸುಬೇದಾರ.

ಅವರದು ರಾತ್ರಿ ಪಾಳಿ.
ಲಗ್ಗೆರೆಯ ಈ ಅಡ್ಡರಸ್ತೆಯಲ್ಲಿ ನಾನು, ಹೊಲಿಗೆ ಯಂತ್ರ,
ನಾಳೆ ಕೊಡಬೇಕಾದ ಬ್ಲೌಸುಗಳು.
ಬೀದಿ ದೀಪ ಹೋದರೆ ಎದೆ ಡವಡವ.
ಹಾಗಾಗಿ ಸಿಟ್ಟನ್ನು ಸಾಕಿದೆವು.
ಸುಳ್ಳೇಕೆ, ನಾವೇ ಸಾಕಿದ್ದು,
ಎರಡು ಹೊತ್ತು ಮುದ್ದೆ, ಭಾನುವಾರ ಕೋಳಿಕಾಲು ಹಾಕಿ.
ಸಲಿಗೆಯಾದರೆ ಕಾಯೋದಿಲ್ಲ, ಯಾರಿಗೂ ಮುಟ್ಟಗೊಡಬೇಡಿ
ಅಂದಿದ್ದರು ಯಾರೋ. ಮುಟ್ಟಗೊಡಲಿಲ್ಲ.
ನಮ್ಮಿಬ್ಬರದು ಬಿಟ್ಟು ಬೇರೆ ಮುಖವೂ ಮನುಷ್ಯರದೇ
ಎಂದು ಅವನಿಗೆ ಹೇಳಿಕೊಟ್ಟವರಿಲ್ಲ.

ಬೊಗಳಿದರೆ ಮೂರನೇ ಕ್ರಾಸಿಗೆ ಕೇಳುತ್ತಿತ್ತು.
ನನಗೆ ಹೆಮ್ಮೆ.
ಮೂಲೆಮನೆಯ ಹುಡುಗಿ ಟ್ಯೂಷನ್ನಿಗೆ
ಸುತ್ತು ಬಳಸಿ ಹೋಗತೊಡಗಿದ್ದನ್ನು
ಕಂಡೂ ದಾರ ಪೋಣಿಸುತ್ತ ಕೂತಿದ್ದೆ.

ಆ ಬುಧವಾರ ಹಾಲು ತಂದವಳು
ಸರಪಳಿಯ ಕೊಂಡಿ ಹಾಕಿದೆನೋ ಇಲ್ಲವೋ.
ಇಲ್ಲ. ಹಾಕಲಿಲ್ಲ.

ಕಿರುಚಿದ್ದು ಕೇಳಿ ಓಡಿದರೆ
ಮೆಟ್ಟಿಲ ಕೆಳಗೆ, ಮೀಟರಿನ ಪಕ್ಕ, ಸಿದ್ದಪ್ಪಾಜಿ.
ಬಿಲ್ಲಿನ ಯಂತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾನೆ,
ಅದು ಇಲಾಖೆಯದು, ಒಡೆದರೆ ಸಂಬಳ ಕಡಿತ.
ಕಾಲು ಅವನದೇ,
ಬಿಟ್ಟುಕೊಟ್ಟಿದ್ದಾನೆ.

"ಬೋರ್ಡು ನೋಡಲಿಲ್ಲವೇನಪ್ಪ?"
ನನ್ನ ಬಾಯಿಂದ ಮೊದಲು ಬಂದದ್ದು ಇದು.

"ದಿನಾ ನೂರು ಗೇಟು ನೋಡ್ತೀನಮ್ಮ.
ಎಲ್ಲದರ ಮೇಲೂ ನಾಯಿ ಇದೆ ಎಚ್ಚರಿಕೆ.
ಎಷ್ಟೋ ಮನೇಲಿ ನಾಯಿ ಸತ್ತು ವರ್ಷವಾಗಿದೆ,
ಬೋರ್ಡು ಬೊಗಳ್ತಾ ಇದೆ.
ಓದೋದು ನನ್ನ ಕೆಲಸ, ಓದಿದೆ.
ಕೊಂಡಿ ಹಾಕೋದು ನಿಮ್ಮದಿತ್ತು."

ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದೆ, ಹದಿನೈದು ನಿಮಿಷ.
ಆಟೋ. ಸರ್ಕಾರಿ ಆಸ್ಪತ್ರೆಯ ಸಾಲು.
ನರ್ಸು ನಾಯಿಯ ಲಸಿಕೆ ಚೀಟಿ ಕೇಳಿದಳು.
ಇತ್ತು, ಡ್ರಾಯರಿನಲ್ಲಿ, ಅವಧಿ ಮುಗಿದು ನಾಲ್ಕು ತಿಂಗಳು.
ಸ್ಕೂಟಿಯ ಇನ್ಶೂರೆನ್ಸು ಮಾತ್ರ
ಒಂದು ದಿನವೂ ತಪ್ಪಿಸಿದವಳಲ್ಲ ನಾನು.

ಅವತ್ತು, ಮೂರಕ್ಕೆ, ಏಳಕ್ಕೆ, ಹದಿನಾಲ್ಕಕ್ಕೆ, ಇಪ್ಪತ್ತೆಂಟಕ್ಕೆ:
ಐದು ಸೂಜಿ. ಐದಕ್ಕೂ ನಾನೇ ಕರೆದೊಯ್ದೆ.
ಮೊದಲೆರಡು ಸಲ ಮಾತಿಲ್ಲ.
ಮೂರನೆಯ ಸಲ, ಕೊಳ್ಳೇಗಾಲದ ಕಡೆ ನಮ್ಮೂರು,
ಅಲ್ಲೂ ಒಂದು ನಾಯಿ ಇತ್ತು ಅಂದ. ಅಷ್ಟೇ.
ಹರಿದ ಪ್ಯಾಂಟು ಈಸಿಕೊಂಡು ಹೊಲಿದೆ.
ನಾಲ್ಕು ತೂತು. ಯಾಕೋ ಟೇಪು ಹಿಡಿದು ಅಳೆದೆ.
ಸಾವಿರ ಬಟ್ಟೆಗೆ ಕತ್ತರಿ ಹಾಕಿದ ಕೈ ನಡುಗಿತು.

ಸುಬೇದಾರ ಅದೇ ಸುಬೇದಾರ.
ಆ ಗಳಿಗೆಯಲ್ಲೂ ಬಾಲವಾಡಿಸುತ್ತ ಬಂದು
ನನ್ನ ಮುಖ ನೋಡಿದ್ದ, ಹೇಗಿತ್ತು ಕೆಲಸ ಎಂಬಂತೆ.
ಎತ್ತಿದ ಕೈ ಇಳಿಸಿದೆ.
ಹೇಳಿಕೊಟ್ಟಿದ್ದನ್ನು ಮಾಡಿದ್ದಾನೆ.

ಈಗ ಹಗಲಿಗೆ ಕೊಂಡಿ. ಸಂಜೆ ಬಾಯಿಗೆ ಜಾಲರಿ ಬಿಗಿದು
ಬೀದಿಗೆ ಕರೆದೊಯ್ಯುತ್ತೇನೆ, ಮುಖಗಳ ಪರಿಚಯಕ್ಕೆ.
ಟ್ಯೂಷನ್ ಹುಡುಗಿ ಇನ್ನೂ ಸುತ್ತು ಬಳಸಿಯೇ ಹೋಗುತ್ತಾಳೆ.
ರಾತ್ರಿ ಅವನು ಬೊಗಳಿದರೇ ನನಗೆ ನಿದ್ದೆ,
ಅದನ್ನೂ ಹೇಳಿಬಿಡಬೇಕು.
ಅದೇ ಅಕ್ಷರಗಳ ಇನ್ನೊಂದು ಬೋರ್ಡು ಬರೆಸಿ
ಗೇಟಿಗೆ ಒಳಮುಖವಾಗಿ ಕಟ್ಟಿದ್ದೇನೆ.
ಹಾಲಿಗೆ ಹೊರಟಾಗ ಕಣ್ಣಿಗೆ ಬೀಳಲಿ.

ಈ ತಿಂಗಳು ಸಿದ್ದಪ್ಪಾಜಿ ಬೆಲ್ಲು ಒತ್ತಿ
ರಸ್ತೆಯಲ್ಲೇ ನಿಂತಿದ್ದ.
ಸರಪಳಿ ಜಗ್ಗಿ ತೋರಿಸಿದೆ. ಇನ್ನೊಮ್ಮೆ ತೋರಿಸಿದೆ.
ಒಳಗೆ ಬಂದ, ಬಗ್ಗಿ ಓದಿದ,
ಎಡಗೈ ಮೀನಖಂಡದ ಮೇಲೆಯೇ ಇತ್ತು.
"ಅರವತ್ತೆರಡು ಯೂನಿಟ್ಟು" ಅಂದ,
ನಾಯಿಯತ್ತ ನೋಡದೆ.