ಹನ್ನೊಂದು ಸ್ಕ್ರೂ

ಕೋಡಿಬಾಗದ ನನ್ನ ಅಂಗಡಿಯ ಮೇಜಿನ ಮೇಲೆ
ಮೂರು ಟಿವಿ ಬೋರಲು ಮಲಗಿವೆ.
ಹಣೆಗೆ ಮೂರು ಹೆಸರು: ಒಂದಕ್ಕೆ ಕಿರೀಟ,
ಒಂದಕ್ಕೆ ಜಪಾನಿನದೆಂಬಂತೆ ಕೇಳುವ ಉಚ್ಚಾರ,
ಇನ್ನೊಂದರ ಸ್ಟಿಕರು ಉಪ್ಪುಗಾಳಿಗೆ ಎದ್ದು
ಅಡಿಯಿಂದ ಬೇರೆಯದೇ ಹೆಸರು ಇಣುಕುತ್ತಿದೆ.

ಹನ್ನೊಂದು ಸ್ಕ್ರೂ ಬಿಚ್ಚಿದರೆ
ಒಂದೇ ಹಸಿರು ಬೋರ್ಡು, ಒಂದೇ ನಂಬರು,
ಅದೇ ಮೂಲೆಯಲ್ಲಿ ಹೊಟ್ಟೆಯುಬ್ಬಿದ ಅದೇ ಕೆಪಾಸಿಟರು.

"ಯಾರು ಮಾಡಿದ್ದೋ ಇನಾಸಾ? ಒಳ್ಳೇದೇನೋ?"
ಬುಟ್ಟಿ ಇಳಿಸಿ ಕೇಳುತ್ತಾಳೆ ತುಳಸಾ ಹರಿಕಂತ್ರ.

ನೀನೇ ಹೇಳು ಬಾಯಿ,
ಬೈತಖೋಲದ ಒಂದೇ ಬಲೆಯ ಬಂಗಡೆ
ಕಾಳಿ ಸೇತುವೆ ದಾಟಿದರೆ ಗೋವೆಯದು,
ಘಟ್ಟ ಹತ್ತಿದರೆ ಕಾರವಾರದ್ದು.
ಹಿಡಿದವನ ಹೆಸರು ಯಾವ ಬುಟ್ಟಿಯಲ್ಲಿದೆ?

"ಬಂಗಡೆಯದಾದರೆ ಕಿವಿರೆತ್ತಿ ನೋಡಬಹುದು," ಎಂದಳು,
"ಇದರದ್ದು ಕೊಳ್ಳುವಾಗ ಎತ್ತಿ ತೋರಿಸಿದರೇನು?"

ಚಿತ್ರ ಪರವಾಗಿಲ್ಲ. ದನಿ, ಡಬ್ಬಿಯೊಳಗಿನ ಜಿರಲೆ.
ಎರಡು ಮಳೆಗಾಲ ಬಂದೀತು,
ಸಾಯ್ಬಿಣಿ ಮನಸ್ಸು ಮಾಡಿದರೆ ಮೂರು.

ಹತ್ತು ರೂಪಾಯಿಯದನ್ನು ಬದಲಿಸಿ
ಮುಚ್ಚುವ ಮುನ್ನ ಕಂಡೆ:
ವಾರ್ನಿಷ್ಷಿನಡಿ ಅರ್ಧ ಬೆರಳಚ್ಚು,
ಚಿಕ್ಕದು, ಕಿರುಬೆರಳದ್ದಿರಬೇಕು,
ಅಥವಾ ಬೆರಳೇ ಅಷ್ಟು ಚಿಕ್ಕದು.

ಭೂತಗನ್ನಡಿ ಹಿಡಿದು ಕೂತೇ ಇದ್ದೆ.
ತುಳಸಾ ಬೈಯುತ್ತಿದ್ದಳು,
ಐಸು ಕರಗುತ್ತಿದೆಯೆಂದು.