ಭಟ್ಟಿಯ ಹಲಗೆ

ಅದು ಗಂಟೆ ಹೊಡೆಯುವುದಿಲ್ಲ.
ಹತ್ತಿ ದಲಾಲಿ ಅಂಗಡಿಗೆ ಬಂದವರದೆಲ್ಲ ಅದೊಂದೇ ದೂರು:
ಆಳೆತ್ತರ ಇದೆ, ಮೂರು ಕಡೆ ಗಾಜಿದೆ,
ನೆತ್ತಿಯ ಮೇಲೆ ಮನೆಯ ಹಾಗೆ ಸೂರೂ ಇದೆ,
ಬಾಯಿ ಮಾತ್ರ ಇಲ್ಲ.

ಮಾಡಿದವನು ವಿಯೆನ್ನಾದವನು. ಅವನಿಗೆ ಬಾಯಿ ಬೇಕಿರಲಿಲ್ಲ.
ಸುತ್ತಿಗೆಗೆ ಕೊಡಬೇಕಾದ ಬಲವನ್ನು ಉಳಿಸಿ ಉಳಿಸಿ
ಒಮ್ಮೆ ಕೀಲಿ ಕೊಟ್ಟರೆ ತಿಂಗಳು ನಡೆಸಿದ.
ಹೊರಗಿನ ಕಂದು ಪದರ ಈರುಳ್ಳಿ ಸಿಪ್ಪೆಯಷ್ಟು,
ಅಂಚಿಗೆ ಕರಿಮರದ ಗೆರೆ, ಕಾಡಿಗೆ ತೀಡಿದ ಹಾಗೆ.
ಮುಳ್ಳುಗಳೋ,
ಉಕ್ಕನ್ನು ಅರದಲ್ಲಿ ಉಜ್ಜಿ ಉಜ್ಜಿ
ಇನ್ನೊಂದೇ ಸಲ ಉಜ್ಜಿದರೆ ಇಲ್ಲವಾಗುತ್ತದೆ ಎನ್ನುವಲ್ಲಿ
ಕೈ ತೆಗೆದಿದ್ದಾನೆ.
'ಕೈ ತೆಗಿಯೋದು ಕಲಿಯಲೇ' ಅನ್ನುತ್ತಿದ್ದರು
ಸೋದರಮಾವ ಮೌನೇಶಾಚಾರಿ.
ಅವರಿರುವ ತನಕ ಕಲಿಯಲಿಲ್ಲ.

ನಮ್ಮ ಗೋಡೆ ಗಡಿಯಾರಗಳಲ್ಲಿ
ಹಲ್ಲು ಬಿದ್ದ ಮೇಲೆ ಕೂದಲೆಳೆ ಹಿಂದಕ್ಕೆ ಜಗ್ಗುತ್ತದೆ,
ಅನುಮಾನಿಸಿ ಮುಂದೆ ಹೋಗುತ್ತದೆ.
ಇದರಲ್ಲಿ ಬಿದ್ದದ್ದು ಬಿದ್ದಲ್ಲೇ ನಿಲ್ಲುತ್ತದೆ.
ಅರ್ಧ ರಾತ್ರಿ ನೋಡುತ್ತ ಕೂತಿದ್ದೆ, ಬೀಡಿ ಮರೆತು.

ರೋಗ ಲೋಲಕದಲ್ಲಿತ್ತು.
ಮೊದಲ ಕಡ್ಡಿ ಗೆದ್ದಲಿಗೆ ಹೋಗಿ
ಯಾರೋ ಕಬ್ಬಿಣದ ಸರಳು ಸಿಕ್ಕಿಸಿದ್ದರು.
ಶಿವರಾತ್ರಿ ದಾಟಿತೋ, ಹಿಗ್ಗಿ ದಿನಕ್ಕೆ ಎಂಟು ಸೆಕೆಂಡು ಹಿಂದೆ;
ಕಾರ್ತೀಕದ ಚಳಿಗೆ ಕುಗ್ಗಿ ಮುಂದೆ.
ದಾವಣಗೆರೆಯ ಬಿಸಿಲು
ಅದರ ಸೊಂಟ ಹಿಡಿದು ಆಡಿಸುತ್ತಿತ್ತು.

ಅವನು ಹಾಕಿದ್ದು ಮರ.
ಹಿಮದ ನಾಡಿನದು, ನೇರ ಎಳೆಯದು,
ಗಂಟಿಲ್ಲದ, ಬಿಸಿಗೆ ಬೆದರದ ಬಿಳಿ ಮರ.
ಎಲ್ಲಿಂದ ತರಲಿ?
ತೇಗ ತಂದೆ: ಎಣ್ಣೆ, ತೂಕ.
ಹೊನ್ನೆಯ ಎಳೆ ತಿರುಚಿಕೊಂಡಿತು.
ಹಾರ್ಮೋನಿಯಂ ರಿಪೇರಿಯ ಗುರುಪಾದಯ್ಯ ಕೊಟ್ಟ ತುಂಡು
ಎರಡು ಗೇಣು ಸಾಲದೆ ಹೋಯಿತು.

ಸಿಕ್ಕಿದ್ದು ಜೈಬುನ್ನಿಸಾರ ಮಂಡಕ್ಕಿ ಭಟ್ಟಿಯಲ್ಲಿ,
ಉಪ್ಪಿನ ಡಬ್ಬ ಇಡುವ ಹಲಗೆ.
ಎಂದೋ ಮಿಲ್ಲಿಗೆ ಯಂತ್ರ ಹೊತ್ತು ತಂದ ಪೆಟ್ಟಿಗೆಯ ಪಕ್ಕೆ,
ಯಾವ ಬಂದರಿನದೋ ಅರ್ಧ ಹೆಸರು ಕಪ್ಪು ಮಸಿಯಲ್ಲಿ ಇನ್ನೂ ಇತ್ತು.
ನಲವತ್ತು ವರ್ಷ ಹೊಟ್ಟಿನ ಉರಿಯ ಮಗ್ಗುಲಲ್ಲಿ,
ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟದ ಮಗ್ಗುಲಲ್ಲಿ
ಒಳಗಿನ ಕಡೆಯ ಹನಿಯೂ ಆರಿತ್ತು.
ಉಗುರಿಂದ ತಟ್ಟಿದೆ. ಠಣ್ ಅಂದಿತು.

'ಇದನ್ನ ಒಯ್ದರೆ ಉಪ್ಪು ಎಲ್ಲಿಡ್ಲಿ?'
ತೇಗದ ತುಂಡು ಅಲ್ಲಿಗೆ ಹೊಡೆದು ಕೊಟ್ಟೆ.

ಗರಗಸ ಮುಟ್ಟಿಸದೆ ಎಳೆಯ ಗುಂಟ ಸೀಳಿ
ಒಡೆದ ಗಾಜಿನಿಂದ ಹೆರೆದೆ.
ಮೊದಲನೆಯದು ತೆಳುವಾಗುತ್ತ ಆಗುತ್ತ ಲಟಕ್ಕಂತು.
ಎರಡನೆಯದಕ್ಕೆ ಕೈ ತೆಗೆದೆ.
ಏಳು ಸಲ ಅರಗಿನ ಪಾಲಿಶ್.

ಮುಖಬಿಲ್ಲೆಯ ಹಿಂದೆ, ಹಿತ್ತಾಳೆಯ ಮೇಲೆ
ಬಿಚ್ಚಿದವರೆಲ್ಲ ಹೆಸರು ಗೀರಿದ್ದಾರೆ.
ಓದಲಾಗದ್ದು ಎರಡು,
ಆಮೇಲೆ ಮುಂಬಯಿಯ ಒಬ್ಬ ಪಾರ್ಸಿ, ೧೯೧೧.
ನಾನೂ ಸೂಜಿ ಎತ್ತಿದೆ.
ಹಿಡಿದು ಬಹಳ ಹೊತ್ತು ಕೂತು, ಡಬ್ಬಿಗೆ ಹಾಕಿದೆ.

ಮಂಡಕ್ಕಿ ಚೀಲ ಇಳಿಸಲು ಪೇಟೆಗೆ ಬಂದ ಜೈಬುನ್ನಿಸಾ
ಗಾಜಿಗೆ ಮೂಗು ಹಚ್ಚಿ ನೋಡಿದರು.
'ನಮ್ಮ ಹಲಗೀನಾ? ಇಷ್ಟು ಸಣ್ಣ ಆಗೈತಲ್ಲ.'
ಕಿವಿ ಕೊಟ್ಟರು.
'ಸದ್ದೇ ಇಲ್ಲ ನೋಡು. ಭಟ್ಟಿ ಸದ್ದು ಕೇಳಿ ಕೇಳಿ
ಸಾಕಾಗಿರಬೇಕು ಅದಕ್ಕ.'

ಈ ಏಪ್ರಿಲ್ಲಿನಲ್ಲಿ ದಿನಕ್ಕೆ ಎರಡು ಸೆಕೆಂಡು ಹಿಂದಿದೆ.
ಗುಂಡಿನ ಕೆಳಗೆ ತಿರುಪಿದೆ, ಅರ್ಧ ಸುತ್ತು ಸಾಕು.
ನಾನಿನ್ನೂ ಮುಟ್ಟಿಲ್ಲ.