ಪುಂಡಿಪಲ್ಯ: ಎರಡನೆಯ ಕರಡು

ಬರೆದದ್ದನ್ನು ಓದಿ ತೋರಿಸಲು ಗುಳೇದಗುಡ್ಡಕ್ಕೆ ಹೋಗಿದ್ದೆ.
ಸ್ವಾದರತ್ತಿ ಬನವ್ವ ಕುಣಿಮಗ್ಗದ ದಂಡೆಯ ಮೇಲೆ
ಕಾಲು ಚಾಚಿ ಖಣ ಮಡಚುತ್ತಿದ್ದಳು.
"ಓದ್, ಕಿವಿ ಇನ್ನಾ ಅದಾವು" ಅಂದಳು.

ಮೊದಲ ಸಾಲು ನನಗೆ ಬಹಳ ಇಷ್ಟದ್ದು:
'ಪುಂಡಿಯ ಹುಳಿ ನಾಲಿಗೆ ಮುಟ್ಟಿದ್ದೇ ತಡ
ಮೂವತ್ತು ವರ್ಷದ ಕದ ತೆರೆಯಿತು.'
ಬರೆಯುವವರ ಹಳೇ ಚಾಳಿ, ಗೊತ್ತು ನನಗೂ.
ಒಂದು ತುತ್ತು ತೋರಿಸಿ ಇಡೀ ಮನೆ ಎಬ್ಬಿಸುವುದು,
ಸತ್ತವರನ್ನು ಕರೆದು ಪಂಕ್ತಿಗೆ ಕೂರಿಸುವುದು,
ಓದುವವರ ಕಣ್ಣಲ್ಲಿ ನೀರು ಬಂದರೆ
ಅದು ಒಗ್ಗರಣೆಯ ಘಾಟೋ, ನಮ್ಮ ಕತೆಯೋ
ಕೇಳದೆ ಮುಂದಿನ ಪುಟಕ್ಕೆ ದಾಟುವುದು.

ಓದಿದೆ. ಜೋಳದ ನುಚ್ಚು, ಜಜ್ಜಿದ ಬೆಳ್ಳುಳ್ಳಿ,
ಮೇಲೊಂದು ಗೆರೆ ಹಸಿ ಕುಸುಬಿ ಎಣ್ಣೆ.
ಲಾಳಿಯ ಸದ್ದನ್ನೂ ಬಿಟ್ಟಿರಲಿಲ್ಲ.
'ಅತ್ತೆಯ ಕೈರುಚಿ' ಎರಡು ಸಲ ಬಂದಿತ್ತು.

"ಹುಳಿ ಇತ್ತೇನು? ಇದ್ದೀತು.
ನನಗೇನ್ ಗೊತ್ತ ಯವ್ವಾ, ಗಡಗಿ ನನ್ನ ತನಕ ಎಲ್ಲಿ ಬರತಿತ್ತು?
ಖಾರ ಕುಟ್ಟಿದ ಒಳ್ಳಾಗ ಬೆರಳಾಡಿಸಿ ನೆಕ್ಕತಿದ್ದೆ.
ಒಳ್ಳಿನ ರುಚಿ ಕೇಳ, ಹೇಳ್ತೀನಿ. ಉಪ್ಪು, ಆಮ್ಯಾಲೆ ಕಲ್ಲು."

ನಾನು ಪೆನ್ನು ತೆಗೆದೆ.
"ಬರೀಬ್ಯಾಡ. ಕೇಳ.
ಅವತ್ತ ಮೂವತ್ತೆಂಟು ರೊಟ್ಟಿ ಬಡದಿದ್ದೆ.
ಗುರುಸಂಗಣ್ಣ ಆರು, ನಿಮ್ಮಪ್ಪ ಐದು,
ಬಣ್ಣದ ಮನಿ ಹುಡುಗರಿಬ್ಬರೂ ಕೂಡಿ ಒಂಬತ್ತು.
ಅಣಿ ಕೆಚ್ಚಾಕ ಒಬ್ಬಾಂವ ಬಂದಿದ್ದ,
ಹೆಸರು ಮರತೀನಿ, ರೊಟ್ಟಿ ಮರತಿಲ್ಲ, ಏಳು.
ಮುದುಕರು, ಸಣ್ಣವ್ರು ಎಲ್ಲಾ ಸೇರಿ ಎಂಟು.
ನೀ ಎರಡೂವರಿ.
ಉಳದ ಅರ್ಧಕ್ಕ ಪಲ್ಯಾ ಹಚ್ಚಿ ನಾಯಿಗೆ ಹಾಕಿದಿ.
ಕರೀ ನಾಯಿ, ಒಂದು ಕಿವಿ ಹರದಿತ್ತು."

ನನ್ನ ಹನ್ನೊಂದು ಪುಟದಲ್ಲಿ ನಾಯಿ ಇರಲಿಲ್ಲ.

ಅವಳು ಖಣದ ಅಂಚಿನ ಎಳೆಯೊಂದನ್ನು
ಹಲ್ಲಿನಲ್ಲಿ ಕಡಿದು, ಬದಿಗೆ ಉಗುಳಿ,
"ಬಣ್ಣಕ್ಕೂ ರುಚಿ ಇರತಾವ ನೋಡ.
ಕೆಂಪು ಒಗರು. ಹಳದಿ ಕಹಿ.
ಕರೀದಕ್ಕ ಮಾತ್ರ ಏನೂ ಇಲ್ಲ" ಅಂತ
ಮುಂದಿನದನ್ನು ತೊಡೆಯ ಮೇಲೆ ಹಾಸಿಕೊಂಡಳು.

ಬಾಗಲಕೋಟೆ ಬಸ್ಸಿನಲ್ಲಿ ಬೆರಳು ಮಡಚಿ ಕೂಡಿಸಿದೆ.
ಆರು, ಐದು, ಒಂಬತ್ತು.
ನಾಯಿಯ ಅರ್ಧವೂ ಸೇರಿ ಸರಿಯಾಗಿ ಮೂವತ್ತೆಂಟು.
ಎಲ್ಲೋ ತಪ್ಪಿರಬೇಕೆಂದು ಮತ್ತೊಮ್ಮೆ ಕೂಡಿಸಿದೆ.
ಬಸ್ಸು ನಿಂತು ಯಾರನ್ನೋ ಇಳಿಸಿತು.
'ಹುಳಿ' ಎಂಬ ಪದದ ಮೇಲೆ ಗೀಟು ಎಳೆದೆ.
ರಸ್ತೆ ಕೆಟ್ಟಿತ್ತು, ಗೀಟು ಸೊಟ್ಟಗೆ ಬಿತ್ತು,
ಕೆಳಗಿನ ಅಕ್ಷರ ಇನ್ನೂ ಓದಲು ಬರುತ್ತಿತ್ತು.